ಕೊಸರಿಗೆ ಬಂದ ಫ್ಯಾನು

"ಆಶಾ, ಆ ಕೆಂಡ ನೋಡೇ! ಬೀಸೋಕೆ ಒಂದು ಕೈಯೂ ಇಲ್ಲ, ನಿಗಿನಿಗಿ ಅಂತ ಹೆಂಗೆ ಉರೀತಿದೆ ನೋಡು!"

ಮುಳಬಾಗಿಲು ಬಸ್ ನಿಲ್ದಾಣದ ಎದುರು ಮುಸುಕಿನ ಜೋಳ ಸುಡುವ ತಳ್ಳುಗಾಡಿ. ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದವರು ಮುನಿಶಾಮಮ್ಮ. ಅರವತ್ತೆಂಟು ವರ್ಷದ ಹೆಂಗಸು, ಅದರಲ್ಲಿ ಮೂವತ್ತು ವರ್ಷ ಕೋಲಾರದ ಟೊಮೇಟೊ ಮಂಡಿಯಲ್ಲಿ ಕಳೆದವರು. ಪತ್ತೇದಾರಿಣಿ ಆಶಾರಾಣಿಗೆ ಅತ್ತೆ, ಜೊತೆಗೆ ಸಂಬಳವಿಲ್ಲದ ಸಹಾಯಕಿ. ಬೇಡವೆಂದರೂ ಕಾರಿನ ಮುಂದಿನ ಸೀಟು ಬಿಟ್ಟುಕೊಡದವರು.

ಆಶಾರಾಣಿ ಕಾರಿನಿಂದ ಇಳಿಯಲಿಲ್ಲ. "ಅತ್ತೆ, ಗಂಟೆ ಎರಡೂವರೆ ಆಯ್ತು. ಆರಕ್ಕೆ ಸರಿಯಾಗಿ ಕೋದಂಡರಾಮಪ್ಪ ಸ್ಟೇಷನ್ನಿಗೆ ಹೋಗಿ ನಂದೀಶನ ಮೇಲೆ ಕಂಪ್ಲೇಂಟ್ ಕೊಡ್ತಾರೆ. ನಿಮಗೆ ಈಗ ಜೋಳ ಬೇಕಾ?"

"ಜೋಳ ಯಾರಿಗೆ ಬೇಕಿತ್ತೇ? ಕಡಿಯೋಕೆ ಹಲ್ಲೆಲ್ಲಿದೆ ನನಗೆ? ಇಳಿದು ಬಾ ಅಂದ್ರೆ ಬಾ."

ಆಶಾರಾಣಿ ಇಳಿದು ಬಂದಳು. ಬಗ್ಗಿ ನೋಡಿದಳು. ಇನ್ನೂ ಬಗ್ಗಿದಳು.

ಕೆಂಡದ ತಟ್ಟೆಗೆ ಮುಖ ಮಾಡಿ ಅಂಗೈಯಗಲದ ಕಪ್ಪು ಫ್ಯಾನೊಂದು ಗಿರಗಿರನೆ ತಿರುಗುತ್ತಿತ್ತು. ಅದರಿಂದ ಹೊರಟ ಎರಡು ವೈರು ಗಾಡಿಯ ಕೆಳಗಿದ್ದ ಸ್ಕೂಟರಿನ ಹಳೇ ಬ್ಯಾಟರಿಗೆ ಸೇರಿದ್ದವು. ಗಾಡಿಯ ಹೆಂಗಸು ಎರಡೂ ಕೈಯಿಂದ ಜೋಳ ತಿರುಗಿಸುತ್ತ ಮಹಾರಾಣಿಯ ಹಾಗೆ ಕೂತಿದ್ದಳು.

ಅದು ಕಂಪ್ಯೂಟರಿನ ಫ್ಯಾನು. ಕಂಪ್ಯೂಟರಿನ ಮೆದುಳು ಅನ್ನುತ್ತಾರಲ್ಲ, ಆ ಪ್ರೊಸೆಸರ್ ಕಾಯದಂತೆ ಅದರ ನೆತ್ತಿಯ ಮೇಲೆ ಕೂರಿಸುವಂಥದ್ದು. ಹೊಚ್ಚ ಹೊಸದು. ಅಂಚಿನ ಪ್ಲಾಸ್ಟಿಕ್ ಇನ್ನೂ ಹೊಳೆಯುತ್ತಿತ್ತು. ಈ ಫ್ಯಾನು ಪ್ರೊಸೆಸರಿನ ಡಬ್ಬದೊಳಗೇ ಬರುತ್ತದೆ. ಡಬ್ಬ ಒಡೆಯದೆ ಇದು ಹೊರಗೆ ಬರಲು ಸಾಧ್ಯವಿಲ್ಲ.

ಕಂಪ್ಯೂಟರ್ ಬಿಡಿಭಾಗಗಳ ಸಗಟು ವ್ಯಾಪಾರಿ ಕೋದಂಡರಾಮಪ್ಪನವರ ಮಾಲೂರಿನ ಗೋಡೌನಿನಲ್ಲಿ ಕಳೆದ ಮಂಗಳವಾರ ಕಾಣೆಯಾದದ್ದೂ ಅಂಥ ಡಬ್ಬಗಳೇ. ಮಾರದೆ ಎತ್ತಿಟ್ಟಿದ್ದ ಹಿಂದಿನ ಸಾಲಿನ ನಾಲ್ಕು ಪೆಟ್ಟಿಗೆ ಎತ್ತಿದರೆ ನಾಲ್ಕೂ ಖಾಲಿ. ಪೆಟ್ಟಿಗೆಗೆ ನಲವತ್ತರಂತೆ ನೂರ ಅರವತ್ತು ಪ್ರೊಸೆಸರ್ ಮಾಯ. ಗೋಡೌನು ನೋಡಿಕೊಳ್ಳುವವನು ನಂದೀಶ್, ಮುನಿಶಾಮಮ್ಮನ ತವರು ದೇವರಾಯಸಮುದ್ರದವನು, ಅವರ ಕೈತುತ್ತು ತಿಂದು ಬೆಳೆದವನು. ಅವನ ಹೆಸರು ಒಂದು ಸಲ ಸ್ಟೇಷನ್ನಿನ ಪುಸ್ತಕಕ್ಕೆ ಹೋದರೆ ಮತ್ತೆ ಯಾವ ಗೋಡೌನಿನ ಬೀಗದ ಕೈಯೂ ಅವನ ಕೈಗೆ ಬರುವುದಿಲ್ಲ.

"ಅಕ್ಕಾ, ಈ ಫ್ಯಾನು ಎಲ್ಲಿ ಸಿಕ್ತು?" ಆಶಾರಾಣಿ ಕೇಳಿದಳು.

"ಶ್ರೀನಿವಾಸಪುರದಲ್ಲಿ. ನನ್ನ ಅಳಿಯ ಮೊಬೈಲ್ ಚಾರ್ಜರ್ ತಗೊಂಡ್ನಂತೆ, ಕೊಸರು ಅಂತ ಇದನ್ನ ಬಿಟ್ಟಿಯಾಗಿ ಕೈಗಿಟ್ರಂತೆ. ನಮ್ಮ ಬೀದೀಲೇ ಇನ್ನೂ ಇಬ್ಬರ ಮನೇಲಿದೆ. ಒಬ್ಬಳಂತೂ ಹಪ್ಪಳ ಒಣಗಿಸೋಕೆ ಇಟ್ಕೊಂಡವ್ಳೆ."

ಮುನಿಶಾಮಮ್ಮನ ಕಣ್ಣು ಕೆಂಡಕ್ಕಿಂತ ಹೆಚ್ಚು ಹೊಳೆಯಿತು. "ಕೇಳಿದ್ಯೇನೇ? ಕಂಪ್ಯೂಟರ್ ಅಂಗಡೀಲಿ ಕೊಸರು! ಕೊಸರು ಹಾಕದೆ ಮಾಲು ಕೊಟ್ರೆ ಕೈ ಕಡಿಯೋದು ಯಾರಿಗೆ ಗೊತ್ತಾ? ಮಾವಿನ ಮಂಡಿಯೋರಿಗೆ. ಹುಟ್ಟಿದ ಅಭ್ಯಾಸ ಕಣೇ, ಬಿಡೋಕಾಗಲ್ಲ."

ಆಶಾರಾಣಿ ಎರಡು ಜೋಳ ಕಟ್ಟಿಸಿಕೊಂಡಳು. ಇಷ್ಟು ಸಂತೋಷಕ್ಕೆ ಅಷ್ಟಾದರೂ ವ್ಯಾಪಾರ ಮಾಡಬೇಕಲ್ಲ.

* * *

ರಸ್ತೆ ದಾಟಿದರೆ ಶ್ರೀಧರನ ಕಂಪ್ಯೂಟರ್ ಅಂಗಡಿ. ಪ್ರೊಸೆಸರ್ ಅಂದ ಕೂಡಲೇ ಅವನು ಎರಡೂ ಕೈ ಎತ್ತಿಬಿಟ್ಟ.

"ಕಣ್ಣಲ್ಲಿ ನೋಡಿ ಮೂರು ತಿಂಗಳಾಯ್ತು ಮೇಡಂ. ಎಲ್ಲಾ ಕಡೆ ಅಭಾವ. ಕೋದಂಡರಾಮಪ್ಪನೋರಿಗೆ ಫೋನ್ ಮಾಡಿದ್ರೆ ಅವರೂ ಇಲ್ಲ ಅಂತಾರೆ. ಹಳೇ ಕಂಪ್ಯೂಟರ್ ಇದ್ರೆ ತನ್ನಿ, ರಿಪೇರಿ ಮಾಡಿಕೊಡ್ತೀನಿ."

ಆಶಾರಾಣಿಗೆ ನಿರಾಸೆಯಾಯಿತು. ಬೆಳಿಗ್ಗೆ ಮಾಲೂರಿನ ಎರಡು ಅಂಗಡಿಗಳಲ್ಲೂ ಇದೇ ಮಾತು ಕೇಳಿದ್ದಳು. ಕೋದಂಡರಾಮಪ್ಪ ಹೇಳುವುದೂ ಇದನ್ನೇ. 'ಜಿಲ್ಲೆಯ ಯಾವ ಅಂಗಡೀಲೂ ಒಂದು ಪ್ರೊಸೆಸರ್ ಇಲ್ಲ. ಅಂದ್ರೆ ಕದ್ದ ಮಾಲು ಒಂದೇ ರಾತ್ರೀಲಿ ಬೆಂಗಳೂರು ಸೇರಿದೆ. ಬೀಗದ ಕೈ ಇದ್ದವನು ನಂದೀಶ. ಇನ್ನೇನು ಬೇಕು?'

ಮುನಿಶಾಮಮ್ಮ ಮಾತ್ರ ಶ್ರೀಧರನ ಮುಖ ನೋಡುತ್ತಿರಲಿಲ್ಲ. ಗೋಡೆಯ ಕಪಾಟು ನೋಡುತ್ತಿದ್ದರು.

"ಅಲ್ಲೇನಿತ್ತಪ್ಪ? ಆ ಖಾಲಿ ಸಾಲಲ್ಲಿ?"

"ಮದರ್‌ಬೋರ್ಡು ಅಜ್ಜಿ. ಮುಗಿದೋಯ್ತು."

"ಅಂದ್ರೆ?"

"ಪ್ರೊಸೆಸರ್ ಕೂರಿಸ್ತಾರಲ್ಲ, ಆ ಹಲಗೆ."

"ಹಂಗಾದ್ರೆ ಮಾಲೂರಲ್ಲಿ ಧೂಳು ಹಿಡಿದು ಬಿದ್ದಿದ್ವಲ್ಲ ಆಶಾ, ಅದೇನಾ?" ಮುನಿಶಾಮಮ್ಮ ಸೊಸೆಯತ್ತ ತಿರುಗಿ ಮತ್ತೆ ಶ್ರೀಧರನನ್ನು ಹಿಡಿದರು. "ಅಲ್ಲಪ್ಪ, ಆ ಪ್ರೊಸೆಸರ್ ಬಿಲ್ಲೆ ಸಿಗಲ್ಲ ಅಂತೀಯ. ಬಿಲ್ಲೆ ಇಲ್ದೆ ಬರೀ ಹಲಗೆ ಯಾರು ತಗೊಂಡೋದ್ರು? ಊಟದ ಮಣೆ ಮಾಡ್ಕೊಳ್ಳೋಕಾ?"

ಶ್ರೀಧರ್ ಖಾಲಿ ಸಾಲಿನತ್ತ ತಿರುಗಿದ. ಅವನಿಗೂ ಇದು ಹೊಸ ಪ್ರಶ್ನೆಯೇ ಆಗಿತ್ತು.

"ಹೌದಲ್ವಾ!" ಅಂದ. "ಬರ್ತಾರೆ, ಮದರ್‌ಬೋರ್ಡು ಕೊಡಿ ಅಂತಾರೆ. ಪ್ರೊಸೆಸರ್ ಅಂದ್ರೆ, ನಮ್ಮ ಹತ್ರ ಇದೆ ಬಿಡಿ ಅಂತಾರೆ. ನಾನೂ ಕೇಳ್ಲಿಲ್ಲ. ಎಲ್ಲರೂ ಒಂದೇ ತರದ್ದು ಕೇಳ್ತಾರೆ, ಹೊಸ ಮಾಡೆಲ್ಲಿಗೆ ಹೊಂದೋದು."

"ಎಷ್ಟು ಹೋಗಿರಬಹುದು?" ಆಶಾರಾಣಿಯ ಪೆನ್ನು ಆಗಲೇ ಹೊರಗೆ ಬಂದಿತ್ತು.

"ಮೂರು ತಿಂಗಳಿಂದ ಅಂದ್ರೆ... ಅರವತ್ತರ ಹತ್ತಿರ."

ಕಾರು ಹತ್ತುವಾಗ ಮುನಿಶಾಮಮ್ಮನ ಸೆರಗು ಬಾಗಿಲಿಗೆ ಸಿಕ್ಕಿತು. ಅದನ್ನು ಬಿಡಿಸುವಷ್ಟೂ ಸಮಾಧಾನ ಅವರಿಗಿರಲಿಲ್ಲ. "ಮಂಡೀಲಿ ಎಷ್ಟು ಟೊಮೇಟೊ ಬಂದಿದೆ ಅಂತ ಮಾರೋನ್ನ ಕೇಳಿದ್ರೆ ನಿಜ ಹೇಳ್ತಾನೇನೇ? ನಾನು ಯಾವತ್ತೂ ಕೇಳ್ತಿರಲಿಲ್ಲ. ಸುಮ್ನೆ ಒಂದು ಸುತ್ತು ಹೊಡೆದು ಖಾಲಿ ಕ್ರೇಟ್ ಎಣಿಸ್ಕೊಂಡು ಬರ್ತಿದ್ದೆ. ಕ್ರೇಟ್ ಸುಳ್ಳು ಹೇಳಲ್ಲ."

"ಈ ಫ್ಯಾನು ಖಾಲಿ ಕ್ರೇಟ್ ಅಂತೀರಾ?"

"ಮತ್ತಿನ್ನೇನು? ಎಲ್ಲೆಲ್ಲಿ ಫ್ಯಾನು ಸುತ್ತುತ್ತೋ ಅಲ್ಲೆಲ್ಲ ಒಂದು ಬಿಲ್ಲೆ ಮಾರಾಟ ಆಗಿದೆ. ನಡಿ ನಡಿ, ಗೇರ್ ಹಾಕು."

* * *

ಶ್ರೀನಿವಾಸಪುರದ ದಾರಿಯುದ್ದಕ್ಕೂ ಮುನಿಶಾಮಮ್ಮ ಜೋಳದ ಕಾಳನ್ನು ಒಂದೊಂದಾಗಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಪ್ರತಿ ಐದನೆಯ ಕಾಳು ಡ್ರೈವ್ ಮಾಡುತ್ತಿದ್ದ ಸೊಸೆಯ ಬಾಯಿಗೆ.

ನಡುವೆ ಒಂದು ಫೋನು. ಆಶಾರಾಣಿಯ ಮಗಳು. "ಅಮ್ಮ, ನಾಳೆಗೆ ಚಾರ್ಟ್ ಪೇಪರ್ ಬೇಕು. ಹಸಿರು ಬಣ್ಣದ್ದು. ಮರೀಬೇಡ. ಹೋದ ಸಲ ಮರೆತಿದ್ದೆ ನೀನು."

"ಕಳ್ಳರು ಸಿಕ್ಕಿದ್ರೂ ಸಿಗಬಹುದು, ಭಾನುವಾರ ಹಸಿರು ಚಾರ್ಟ್ ಪೇಪರ್ ಸಿಗೋದು ಡೌಟು," ಅಂದಳು ಆಶಾರಾಣಿ. "ಇವತ್ತೇ ತರ್ತೀನಿ ಬಿಡು."

ಮಾವಿನ ಮಂಡಿಗಳ ಬೀದಿಯಲ್ಲಿ ಅಂಗಡಿ ಹುಡುಕುವ ಕಷ್ಟವೇ ಬರಲಿಲ್ಲ. ಚಂದ್ರಮೋಹನ್ ಕಂಪ್ಯೂಟರ್ಸ್ ಅನ್ನುವ ಬೋರ್ಡಿನ ಕೆಳಗೆ, ಅಪ್ಪನ ಕಾಲದ ಮಂಡಿಯ ಮುಂಭಾಗದಲ್ಲೇ, ಮಾವಿನ ಹಣ್ಣು ಜೋಡಿಸಿದ ಹಾಗೆ ಮೌಸುಗಳನ್ನು ಗೋಪುರ ಮಾಡಿ ಜೋಡಿಸಿದ್ದರು. ಕೆಳಗೆ ಹುಲ್ಲು ಬೇರೆ ಹಾಸಿತ್ತು.

ಚಂದ್ರಮೋಹನ್ ಐವತ್ತರ ಆಸುಪಾಸಿನವನು. ಹೆಗಲ ಮೇಲೆ ಟವಲು, ಮೂಗಿನ ಮೇಲೆ ಕನ್ನಡಕ. ಆಗತಾನೆ ಒಬ್ಬ ಹುಡುಗಿಗೆ ಕೀಬೋರ್ಡ್ ಕೊಟ್ಟು, "ತಗೋ ತಾಯಿ, ಕೊಸರು," ಎಂದು ಕೌಂಟರಿನ ಕೆಳಗಿನಿಂದ ಕಪ್ಪು ಫ್ಯಾನು ತೆಗೆದು ಅವಳ ಚೀಲಕ್ಕೆ ಹಾಕುತ್ತಿದ್ದ.

"ಪ್ರೊಸೆಸರ್ ಇದ್ಯಾ?" ಎಂದಳು ಆಶಾರಾಣಿ.

"ಎಲ್ಲಿ ಮೇಡಂ! ಇಡೀ ದೇಶದಲ್ಲೇ ಇಲ್ಲ." ಅವನ ಮುಖದಲ್ಲಿ ಸಂತಾಪ ತುಂಬಿ ತುಳುಕಿತು.

ಆಶಾರಾಣಿ ಕೂರಲು ಸ್ಟೂಲು ಎಳೆದುಕೊಂಡಳು. ಅವಳು ಸ್ಟೂಲು ಎಳೆದರೆ ಎದುರಿನವರಿಗೆ ಬೆವರುವುದು ವಾಡಿಕೆ.

"ಹಿಂದೆ ಗೋಡೆಗೆ ಒರಗಿಸಿರೋ ಖಾಲಿ ಡಬ್ಬಗಳು ಏನು ಸಾರ್?"

"ಮದರ್‌ಬೋರ್ಡಿಂದು."

"ತೊಂಬತ್ತು ಇರಬಹುದಾ?"

"ಎಣಿಸಿಲ್ಲ."

"ತೊಂಬತ್ತೆರಡು," ಅಂದರು ಮುನಿಶಾಮಮ್ಮ ಆ ಕಡೆಯಿಂದ. ಬಂದ ಕೂಡಲೇ ಎಣಿಸಿ ಮುಗಿಸಿದ್ದರು.

"ನೋಡಿ ಸಾರ್," ಆಶಾರಾಣಿ ಮೆತ್ತಗೆ ಹೇಳಿದಳು, "ಊರಲ್ಲೆಲ್ಲೂ ದೋಸೆ ಹಿಟ್ಟಿಲ್ಲ ಅಂತಾರೆ. ನೀವು ಮಾತ್ರ ತೊಂಬತ್ತೆರಡು ಕಾವಲಿ ಮಾರಿದೀರಿ. ಮುಳಬಾಗಿಲಲ್ಲಿ ಇನ್ನೊಂದು ಅರವತ್ತು ಹೋಗಿದೆ. ಅಂದ್ರೆ ಹಿಟ್ಟು ಎಲ್ಲೋ ಇದೆ ತಾನೇ? ಅದೂ ಸುಮಾರು ನೂರೈವತ್ತು ದೋಸೆಯಷ್ಟು?"

"ಮೇಡಂ, ನಾನು ಬರೀ ಬೋರ್ಡು..."

"ಆ ಹುಡುಗಿ ಚೀಲಕ್ಕೆ ಈಗ ಹಾಕಿದ್ರಲ್ಲ, ಅದು ಪ್ರೊಸೆಸರ್ ಡಬ್ಬದೊಳಗಿಂದಲೇ ಬರಬೇಕು. ಕಂಪ್ಯೂಟರಲ್ಲಿ ಆಟ ಆಡೋ ಹುಡುಗರು ದೊಡ್ಡ ಫ್ಯಾನು ಹಾಕ್ಕೊಳ್ತಾರೆ, ಇದು ಬೇಡ ಅಂತ ಬಿಟ್ಟು ಹೋಗ್ತಾರೆ. ಮೂಲೇಲಿ ಬಿಸಾಕಿದ್ರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ. ನೀವು ಕೊಸರು ಕೊಟ್ರಿ."

ಚಂದ್ರಮೋಹನ್ ತನ್ನ ಕೈಯನ್ನೇ ನೋಡಿಕೊಂಡ, ಅದು ಬೇರೆ ಯಾರದ್ದೋ ಅನ್ನುವ ಹಾಗೆ. "ಬರಿಗೈಲಿ ಹೆಂಗೆ ಕಳಿಸೋದು ಮೇಡಂ?" ಅಂದ, ನಿಜಕ್ಕೂ ನೊಂದು. "ಅಪ್ಪ ಬೈಯ್ತಿದ್ರು."

"ನಿಮ್ಮಪ್ಪನ್ನ ನಾನು ಬಲ್ಲೆ ಕಣೋ," ಮುನಿಶಾಮಮ್ಮ ಹತ್ತಿರ ಬಂದರು. "ನೂರು ಕಾಯಿಗೆ ಆರು ಕಾಯಿ ಕೊಸರು ಹಾಕ್ತಿದ್ದ ಪುಣ್ಯಾತ್ಮ. ಅವನ ಮಗ ಕದ್ದ ಮಾಲು ಮಾರ್ತಾನೆ ಅಂದ್ರೆ ನಾನು ನಂಬಲ್ಲ. ನಿಜ ಹೇಳು, ಬದುಕ್ಕೋ."

"ಕದ್ದ ಮಾಲಾ?" ಅವನು ಕನ್ನಡಕ ತೆಗೆದ. "ಅಯ್ಯೋ ದೇವುಡಾ! ಬಿಲ್ ಇಲ್ದೆ ಬರುತ್ತೆ, ಎಲ್ಲೋ ಹೊರದೇಶದಿಂದ ಬಂದ ಮಾಲು ಇರಬೇಕು ಅಂದ್ಕೊಂಡೆ ಅಮ್ಮ. ಕದ್ದದ್ದು ಅಂತ ನನ್ನಾಣೆ ಗೊತ್ತಿಲ್ಲ."

"ಯಾವಾಗಿಂದ ಬರ್ತಿದೆ?" ಆಶಾರಾಣಿ ಕೇಳಿದಳು.

ಅವನು ಗೋಡೆಯ ಕ್ಯಾಲೆಂಡರ್ ತೋರಿಸಿದ. ಗುರುವಾರಗಳ ಮೇಲೆಲ್ಲ ಅರಿಶಿನದ ಬೊಟ್ಟು. ಮಾಲು ಬಂದ ದಿನ ಬೊಟ್ಟಿಡುವುದು ಮಂಡಿಯ ಪದ್ಧತಿ. ಆಶಾರಾಣಿ ಹಾಳೆ ತಿರುವುತ್ತ ಎಣಿಸಿದಳು. ಹದಿಮೂರು ಬೊಟ್ಟು.

"ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಬರುತ್ತೆ. ಸರಿಯಾಗಿ ಒಂದು ಡಜನ್. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಆಶಾರಾಣಿಗೆ ಎದ್ದು ಕುಣಿಯಬೇಕೆನಿಸಿತು. ಒಂದೇ ರಾತ್ರಿಯಲ್ಲಿ ನಡೆದ ಕಳ್ಳತನವಲ್ಲ ಇದು! ಮೂರು ತಿಂಗಳು, ವಾರಕ್ಕೊಂದು ಡಜನ್. ಮಂಗಳವಾರ ಆದದ್ದು ಇಷ್ಟೇ, ಯಾರೋ ಪೆಟ್ಟಿಗೆ ಎತ್ತಿ ನೋಡಿದರು. ಇನ್ನು ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾಲೂರಿನ ಗೋಡೌನಿಗೆ ಲಾರಿ ಬರುವ ಹೊತ್ತು. ಪ್ರತಿ ಲಾರಿಯ ರಸೀದಿಗೂ ನಂದೀಶ ಗಂಟೆ ಬರೆದು ಸಹಿ ಹಾಕಿದ್ದನ್ನು ಅವಳೇ ಬೆಳಿಗ್ಗೆ ನೋಡಿ ಬಂದಿದ್ದಳು. ಹನ್ನೊಂದಕ್ಕೆ ಮಾಲೂರಿನಲ್ಲಿ ಸಹಿ ಹಾಕಿದವನು ಹನ್ನೊಂದಕ್ಕೆ ಶ್ರೀನಿವಾಸಪುರದಲ್ಲಿ ಮಾಲು ಇಳಿಸುವುದು ಹೇಗೆ?

"ಯಾರು ತಂದುಕೊಡೋದು?"

"ಮುಖ ನೋಡಿಲ್ಲ ಮೇಡಂ. ಸ್ಕೂಟರಲ್ಲಿ ಬರ್ತಾರೆ. ತಲೆಗೆ ಹೆಲ್ಮೆಟ್ಟು, ಒಳಗೆ ಮಾಸ್ಕು, ಮೈಮೇಲೆ ಮಳೆಕೋಟು. ಸುಡೋ ಬಿಸಿಲಲ್ಲೂ ಮಳೆಕೋಟು!"

"ಧ್ವನಿ ಹೇಗಿದೆ?"

"ಮಾತೇ ಆಡಲ್ಲ."

"ಮಾತಾಡದೆ ದರ ಹೇಗೆ ಕುದುರಿತು?"

ಚಂದ್ರಮೋಹನ್ ಹೆಗಲ ಮೇಲಿನ ಟವಲು ತೆಗೆದು ಬಲಗೈ ಮೇಲೆ ಹೊದಿಸಿಕೊಂಡು ತೋರಿಸಿದ. ಮುನಿಶಾಮಮ್ಮ ತೊಡೆ ತಟ್ಟಿ ನಕ್ಕುಬಿಟ್ಟರು.

ಮಾವಿನ ಮಂಡಿಯಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಮಾರುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಒತ್ತಿ, ಮಡಚಿ ದರ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟವಲು ಅಲ್ಲಾಡುವುದಷ್ಟೇ.

"ಮೊದಲ ದಿನ ತಮಾಷೆಗೆ ಟವಲು ಹಾಕಿದೆ ಮೇಡಂ. ಆ ಕಡೆಯಿಂದ ಬೆರಳು ಥಟ್ ಅಂತ ಜವಾಬು ಕೊಡ್ತು! ಮಂಡೀಲಿ ಬೆಳೆದೋರಿಗೆ ಬಿಟ್ರೆ ಆ ಲೆಕ್ಕ ಬರಲ್ಲ."

"ಹಂಗಾದ್ರೆ ಹದಿಮೂರು ಸಲ ಆ ಕೈ ಹಿಡಿದಿದೀಯ," ಮುನಿಶಾಮಮ್ಮ ಮುಂದಕ್ಕೆ ಬಾಗಿದರು. "ಮುಖ ಬಿಟ್ಹಾಕು. ಕೈ ಹೆಂಗಿತ್ತು ಹೇಳು."

ಚಂದ್ರಮೋಹನನ ಕಿವಿ ಕೆಂಪಾಯಿತು. ಬಾಗಿಲ ಕಡೆ ನೋಡಿದ. ಧ್ವನಿ ತಗ್ಗಿಸಿದ.

"ಹೆಂಗಸಿನ ಕೈ ಅಮ್ಮ."

"ಆಹಾ!"

"ಎರಡನೇ ಗುರುವಾರವೇ ಗೊತ್ತಾಯ್ತು. ಆದ್ರೂ ಬಾಯಿ ಬಿಡ್ಲಿಲ್ಲ. ಪೊಲೀಸರಿಗೆ ಹೆದರಿ ಅಲ್ಲ. ವಾರ ವಾರ ಯಾರೋ ಹೆಂಗಸಿನ ಕೈ ಹಿಡ್ಕೊಂಡು ಕೂರ್ತೀನಿ ಅಂತ ಮನೇಲಿ ಗೊತ್ತಾದ್ರೆ ನನ್ನ ಗತಿ ಏನು?"

ಆಶಾರಾಣಿ ನಗು ತಡೆಯಲು ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದಳು. ತಲೆ ಎತ್ತಿದಾಗ ಗಂಟೆ ಐದಾಗಿತ್ತು. "ಏಳಿ ಸಾರ್. ಟವಲು, ಕ್ಯಾಲೆಂಡರ್ ಎರಡೂ ತಗೊಳ್ಳಿ. ಕೋಲಾರಕ್ಕೆ ಹೋಗ್ತಿದೀವಿ. ಇದನ್ನೇ ಕೋದಂಡರಾಮಪ್ಪನ ಎದುರು ಹೇಳ್ಬೇಕು."

"ಮನೇಲಿ ಏನಂತ ಹೇಳ್ಲಿ?"

"ಸಾಕ್ಷಿ ಹೇಳೋಕೆ ಹೋಗ್ತೀನಿ ಅನ್ನು," ಎಂದರು ಮುನಿಶಾಮಮ್ಮ. "ಯಾರ ಕೈ ಅಂತ ಹೇಳ್ಬೇಡ."

* * *

ಕಾರು ಕೋಲಾರದ ಕಡೆ ಹಾರುತ್ತಿತ್ತು. ಹಳೇ ಕಾರಿಗೆ ಹಾರುವುದು ಅಂದರೆ ಅರವತ್ತು. ಹಿಂದಿನ ಸೀಟಿನಲ್ಲಿ ಚಂದ್ರಮೋಹನ್ ಕ್ಯಾಲೆಂಡರನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದ.

"ಕೋದಂಡರಾಮಪ್ಪನ ಕೋಲಾರದ ಆಫೀಸಲ್ಲಿ ಹೆಂಗಸರು ಇಬ್ಬರೇ," ಆಶಾರಾಣಿ ಜೋರಾಗಿ ಯೋಚಿಸಿದಳು. "ಲೆಕ್ಕ ಬರೆಯೋ ಶ್ರೀಪ್ರಿಯಾ, ಯಜಮಾನರ ತಂಗಿ ಶಾಮಲಮ್ಮ. ಗೋಡೌನಿನ ಎರಡನೇ ಬೀಗದ ಕೈ ಆ ಆಫೀಸಿನ ಗೋಡೇಲೇ ನೇತಾಡುತ್ತೆ."

"ಇಬ್ಬರಲ್ಲಿ ಮಂಡೀಲಿ ಬೆಳೆದೋಳು ಯಾರು?"

"ಅದು ಗೊತ್ತಿಲ್ಲ. ಕೇಳೋಣ."

ಮುನಿಶಾಮಮ್ಮ ಬೆರಳು ಮಡಚುತ್ತಿದ್ದರು. "ಹದಿಮೂರು ಡಜನ್ ಅಂದ್ರೆ ನೂರ ಐವತ್ತಾರು. ಹೋದದ್ದು ನೂರ ಅರವತ್ತು. ನಾಲ್ಕು ಎಲ್ಲೇ?"

ಆಶಾರಾಣಿಯ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಿತು. "ಮಾರಾಟವಾಗಿಲ್ಲ. ಡಜನ್ ಆಗಿಲ್ಲ ಅಂತ ಹಾಗೇ ಉಳಿದಿದೆ. ಆ ನಾಲ್ಕು ಯಾರ ಹತ್ರ ಇದ್ಯೋ ಅವರೇ ಕಳ್ಳರು ಅತ್ತೆ!"

"ಅಲ್ಲಿಗೆ ನಮ್ಮ ನಂದೀಶ ಬಚಾವು!" ಮುನಿಶಾಮಮ್ಮ ಡ್ಯಾಶ್‌ಬೋರ್ಡ್ ಬಡಿದರು. ಹಿಂದಿನಿಂದ ಚಂದ್ರಮೋಹನನೂ ಚಪ್ಪಾಳೆ ತಟ್ಟಿದ, ತಾನು ಯಾವ ಕಡೆಯವನು ಅನ್ನುವುದನ್ನೇ ಮರೆತು.

ಆಗಲೇ ಫೋನು ಬಂತು. ನಂದೀಶ್. ಗಂಟೆ ಐದೂ ನಲವತ್ತು. ಮುನಿಶಾಮಮ್ಮ ಸ್ಪೀಕರ್ ಒತ್ತಿ ಹಿಡಿದರು.

"ಅಕ್ಕಾ, ಎಲ್ಲಿದೀರಾ?" ಅವನ ದನಿಯಲ್ಲಿ ನಗು. ಐದು ದಿನದಿಂದ ಅನ್ನ ಬಿಟ್ಟು ಕೂತವನು ಮದುವೆ ನಿಶ್ಚಯವಾದವನ ಹಾಗೆ ಮಾತಾಡುತ್ತಿದ್ದ. "ಇನ್ನು ಅಲೀಬೇಡಿ ಅಕ್ಕಾ. ಸುಮ್ನೆ ಮನೆಗೆ ಹೋಗಿ."

"ಯಾಕೋ? ಏನಾಯ್ತು?"

"ಎಲ್ಲಾ ಮುಗೀತು. ನಾನೇ ಕದ್ದಿದ್ದು ಅಂತ ಯಜಮಾನ್ರಿಗೆ ಬರೆದುಕೊಟ್ಬಿಟ್ಟೆ. ಉಳಿದಿದ್ದ ನಾಲ್ಕು ಪೀಸೂ ಅವರ ಮೇಜಿನ ಮೇಲೆ ಇಟ್ಟೆ. ಕಾಗದ ತಗೊಂಡು ಈಗ ಸ್ಟೇಷನ್ನಿಗೆ ಹೊರಟ್ರು."

ಆಶಾರಾಣಿ ಬ್ರೇಕ್ ಒತ್ತಿದಳು. ಕಾರು ರಸ್ತೆಯ ಪಕ್ಕದ ಮಣ್ಣಿಗಿಳಿದು ನಿಂತಿತು. ಚಂದ್ರಮೋಹನನ ಕ್ಯಾಲೆಂಡರ್ ಮುಂದಿನ ಸೀಟಿನ ಸಂದಿಗೆ ಬಂದು ಬಿತ್ತು.

"ನಂದೀಶ, ನೀನು ಕದ್ದಿಲ್ಲ. ಅದು ನನಗೂ ಗೊತ್ತು, ನಿನಗೂ ಗೊತ್ತು."

"ನನಗೆ ಬೇಜಾರಿಲ್ಲ ಅಕ್ಕಾ. ನಿಜವಾಗ್ಲೂ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ."

ಮುನಿಶಾಮಮ್ಮ ಫೋನನ್ನು ಬಾಯಿಯ ಹತ್ತಿರ ತಂದುಕೊಂಡು, ಬೆಳಿಗ್ಗೆ ತಿಂಡಿ ಏನು ಅಂತ ಕೇಳುವಷ್ಟು ಸಲೀಸಾಗಿ ಕೇಳಿದರು.

"ಆ ನಾಲ್ಕು ಪೀಸು ನಿನ್ನ ಕೈಗೆ ಕೊಟ್ಟೋಳು ಯಾರೋ ಕಂದ?"

ಆ ಕಡೆ ನಗು ನಿಂತಿತು. ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು.

"ಅಜ್ಜೀ," ನಂದೀಶನ ದನಿ ಪಿಸುಮಾತಿಗಿಳಿದಿತ್ತು, "ಹೆಂಗಸು ಅಂತ ನಿಮಗೆ ಯಾರು ಹೇಳಿದ್ರು?"